ತೋಟ ತೋಟ ಸುತ್ತೋ ಕೆಲ್ಸಕ್ಕೆ ಹಗುರದ ಬಿಸಿನೆಸ್ ಲ್ಯಾಪ್‌ಟಾಪ್ ಬೇಕು, ಯಾವ್ದು ತಗೊಳ್ಲಿ?

ಗೋಣಿಕೊಪ್ಪ_ಲೆಕ್ಕ

ಎಲ್ರಿಗೂ ನಮಸ್ಕಾರ. ನಾನು ಗೋಣಿಕೊಪ್ಪದಲ್ಲಿ ಅಕೌಂಟ್ಸ್, ಜಿಎಸ್‌ಟಿ ಕೆಲ್ಸ ಮಾಡ್ತೀನಿ. ಆಫೀಸಲ್ಲಿ ಕೂರೋದಕ್ಕಿಂತ ಪಾರ್ಟಿ ಹತ್ರ ಹೋಗಿ ಕೂರೋದೇ ಜಾಸ್ತಿ, ಪಾಲಿಬೆಟ್ಟ ಅಮ್ಮತ್ತಿ ಸಿದ್ದಾಪುರ ಕಡೆ ತೋಟಗಳು, ಪೊನ್ನಂಪೇಟೆಲಿ ಅಂಗಡಿಗಳು, ಒಂದಷ್ಟು ಹೋಂಸ್ಟೇ, ಆಮೇಲೆ ಆಗಾಗ ಹುಣಸೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಸಂಸ್ಕರಿಸೋ ಜಾಗ). ಸ್ಕೂಟಿ ಇಲ್ಲಾಂದ್ರೆ ಬಸ್ಸು. ಈಗಿರೋ ಲ್ಯಾಪ್‌ಟಾಪ್ 15.6 ಇಂಚಿಂದು, ಏಳನೇ ಜನರೇಶನ್ ಇಂಟೆಲ್, ವಿಂಡೋಸ್ 11 ಹಾಕೋಕಾಗಲ್ಲ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಂತಿದೆ. ಬೇರೆಯವ್ರ ಬ್ಯಾಂಕ್ ಸ್ಟೇಟ್‌ಮೆಂಟು ಪ್ಯಾನು ಪಾಸ್‌ವರ್ಡು ಎಲ್ಲಾ ಅದ್ರಲ್ಲೇ ಇರೋದ್ರಿಂದ ಇನ್ನು ಎಳೆಯೋದು ಸರಿಯಲ್ಲ ಅಂತ ತೀರ್ಮಾನ ಮಾಡಿದ್ದೀನಿ.

ಕೆಲ್ಸ ಅಂದ್ರೆ ಟ್ಯಾಲಿ, ಎಕ್ಸೆಲ್, ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರೋ ಯುಎಸ್‌ಬಿ ಕಡ್ಡಿ) ಹಾಕಿ ಸೈನ್ ಮಾಡೋದು, ಪಂಚಾಯ್ತಿ ತಾಲ್ಲೂಕು ಆಫೀಸಿಗೆ ಅರ್ಜಿ ಅಂದ್ರೆ ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್), ಮತ್ತೆ ವಿಡಿಯೋ ಕಾಲ್. ಗೇಮ್ ಗೀಮ್ ಏನಿಲ್ಲ. ಬಜೆಟ್ ಒಂದು ಲಕ್ಷದ ಒಳಗೆ ಇದ್ರೆ ಒಳ್ಳೇದು. ನೋಡಿಟ್ಕೊಂಡಿರೋದು ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಜೆನ್ 11 (ಓಪನ್ ಬಾಕ್ಸ್ ಸಿಗ್ತಿದೆ, ಅಂದ್ರೆ ಡಬ್ಬ ಬಿಚ್ಚಿ ವಾಪಸ್ ಬಂದಿದ್ದು), ಎಚ್‌ಪಿ ಎಲೈಟ್‌ಬುಕ್ 840 ಜಿ10, ಎಲ್‌ಜಿ ಗ್ರಾಮ್ 14. ಬೆಂಗ್ಳೂರಲ್ಲಿರೋ ನನ್ನ ತಮ್ಮ ಮ್ಯಾಕ್‌ಬುಕ್ ಏರ್ ತಗೋ ಅಂತ ಒಂದೇ ಹಠ. ಭುಜ ನೋವು ಇರೋದ್ರಿಂದ ತೂಕ ಕಮ್ಮಿ ಇರ್ಬೇಕು ಅನ್ನೋದೇ ನನ್ನ ಮೊದಲ್ನೇ ಷರತ್ತು. ಬಳಸಿರೋರು ಹೇಳಿ ಪ್ಲೀಸ್.

ಸುಂಟಿಕೊಪ್ಪ_ಟೆಕ್

ಅಕ್ಕಾ, ಮ್ಯಾಕ್ ವಿಷ್ಯ ಮೊದ್ಲು ಮುಗಿಸಿಬಿಡೋಣ. ಏರ್ ಒಳ್ಳೇ ಮೆಷಿನ್ನೇ, 1.24 ಕೆಜಿ, ಫ್ಯಾನೇ ಇಲ್ಲ, ಬ್ಯಾಟರಿ ಚೆನ್ನಾಗ್ ಬರುತ್ತೆ, ನಾನೇ ಕೋಡಿಂಗ್‌ಗೆ ಅದನ್ನೇ ಬಳಸೋದು. ಆದ್ರೆ ನಿಮ್ಮ ಕೆಲ್ಸಕ್ಕೆ ಬೇಡ. ಟ್ಯಾಲಿ ವಿಂಡೋಸ್‌ದು, ನುಡಿ ವಿಂಡೋಸ್‌ದು. ಪ್ಯಾರಲಲ್ಸ್ ಹಾಕಿ ವಿಂಡೋಸ್ ಓಡಿಸ್ಬಹುದು ಅಂತ ನಿಮ್ಮ ತಮ್ಮ ಹೇಳ್ಬಹುದು, ಓಡುತ್ತೆ ಕೂಡ, ಆದ್ರೆ ಆಪಲ್ ಚಿಪ್ ಮೇಲೆ ಓಡೋದು ಎಆರ್‌ಎಮ್ ವಿಂಡೋಸ್, ಅಂದ್ರೆ ಇಂಟೆಲ್ ಎಎಮ್‌ಡಿಗಿಂತ ಬೇರೆ ಜಾತಿ ಚಿಪ್ಪಿಗೆ ಮಾಡಿರೋದು. ಸಾಮಾನ್ಯ ಪ್ರೋಗ್ರಾಂಗಳನ್ನ ಅದು ಹೇಗೋ ತರ್ಜುಮೆ ಮಾಡ್ಕೊಂಡು ಓಡಿಸುತ್ತೆ, ಡ್ರೈವರ್‌ಗಳನ್ನ ಮಾತ್ರ ಓಡಿಸೋಕಾಗಲ್ಲ, ಅದಕ್ಕೆ ಎಆರ್‌ಎಮ್‌ಗೇ ಬರೆದಿರೋ ಡ್ರೈವರ್ ಬೇಕು. ಡಿಎಸ್‌ಸಿ ಟೋಕನ್ನು, ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ರು ಸಿಕ್ಕಿ ಬೀಳೋದು ಅಲ್ಲೇ.

ಇದೇ ಮಾತು ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಅನ್ನೋ ಎಆರ್‌ಎಮ್ ಚಿಪ್ ಇರೋ ವಿಂಡೋಸ್ ಲ್ಯಾಪ್‌ಟಾಪ್‌ಗೂ ಅನ್ವಯ. ಅಂಗಡಿಲಿ "ಹಗುರ ಇದೆ, ಬ್ಯಾಟರಿ ದಿನಪೂರ್ತಿ" ಅಂತ ಅದನ್ನೇ ಮುಂದಿಡ್ತಾರೆ, ನೋಡೋಕೆ ವಿಂಡೋಸ್ ಥರಾನೇ ಇರುತ್ತೆ. ಪ್ರೊಸೆಸರ್ ಹೆಸ್ರು ಓದ್ದೆ ದುಡ್ಡು ಕೊಡ್ಬೇಡಿ. ಇಂಟೆಲ್ ಅಥವಾ ಎಎಮ್‌ಡಿ, ಅಷ್ಟೇ.

ಗೋಣಿಕೊಪ್ಪ_ಲೆಕ್ಕ

ಇದು ಗೊತ್ತಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಪ್ರೊಪ್ರೈಟರ್‌ಗಳದ್ದು ಓಟಿಪಿಲೇ ಆಗೋಗುತ್ತೆ, ಆದ್ರೆ ನನ್ಹತ್ರ ಪ್ರೈವೇಟ್ ಲಿಮಿಟೆಡ್ ತೋಟಗಳು, ಎಲ್‌ಎಲ್‌ಪಿಗಳು (ಪಾಲುದಾರರ ಹೊಣೆ ಸೀಮಿತವಾಗಿರೋ ಸಂಸ್ಥೆಗಳು) ಇದ್ದಾವೆ, ಅವ್ರಿಗೆ ಡಿಎಸ್‌ಸಿ ಇಲ್ದೆ ಜಿಎಸ್‌ಟಿ ರಿಟರ್ನ್ ಫೈಲ್ ಆಗಲ್ಲ. ತಮ್ಮನಿಗೆ ಇದನ್ನೇ ಫಾರ್ವರ್ಡ್ ಮಾಡ್ತೀನಿ.

ನಾಪೋಕ್ಲು_ರೈಟರ್

ಮೇಡಂ ನಾನು ತೋಟದಲ್ಲಿ ರೈಟರ್, ಮಸ್ಟರ್ (ಕೂಲಿಯವ್ರ ಹಾಜರಿ) ಬರೆಯೋದು ಸ್ಟಾಕ್ ಬರೆಯೋದು ಎಲ್ಲಾ ಲ್ಯಾಪ್‌ಟಾಪಲ್ಲೇ. ಎಲ್ರೂ ತೂಕ, ಪ್ರೊಸೆಸರ್ ಅಂತಾರೆ, ನಾನು ಹೇಳೋದು ಸ್ಕ್ರೀನ್ ನೋಡಿ ಅಂತ. ಡಿಸೆಂಬರ್ ಜನವರಿಲಿ ಕೊಯ್ಲಿನ ಟೈಮಲ್ಲಿ ಸಾಯಂಕಾಲ ಕಣದ ಹತ್ರ ತೂಕ ಹಾಕ್ತಾ ಇರ್ತಾರೆ, ಒಬ್ಬೊಬ್ರ ಚೀಲ ಬಂದ ಹಾಗೆ ಕೆಜಿ ಹೊಡೀಬೇಕು, ಬಿಸಿಲು ಓರೆಯಾಗಿ ನೇರ ಸ್ಕ್ರೀನಿಗೇ ಬೀಳುತ್ತೆ. ಆಫೀಸಲ್ಲಿ ಮೊದ್ಲು ಕೊಟ್ಟಿದ್ದು 250 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ) ಸ್ಕ್ರೀನ್, 8 ಯಾವ್ದು 3 ಯಾವ್ದು ಅಂತ ಕಾಣ್ತಾನೇ ಇರ್ಲಿಲ್ಲ, ರಟ್ಟಿನ ಡಬ್ಬ ಕತ್ತರಿಸಿ ಮೇಲೆ ಮರೆ ಮಾಡ್ಕೊಂಡು ಬರೀತಿದ್ದೆ. ಕೂಲಿ ಲೆಕ್ಕ ಅದು, ಒಂದು ಅಂಕಿ ತಪ್ಪಿದ್ರೆ ಒಬ್ಬ ಹೆಂಗಸಿನ ಆ ದಿನದ ದುಡಿಮೆ ಹೋಯ್ತು ಅಂತಲೇ ಅರ್ಥ. ಈಗಿರೋದು 400 ನಿಟ್ಸ್ ಮ್ಯಾಟ್ ಸ್ಕ್ರೀನ್, ಡಬ್ಬ ಬೇಡ.

ನೀವು ಹೇಳಿದ 840 ಜಿ10ನಲ್ಲಿ 250 ನಿಟ್ಸ್‌ದೂ ಬರುತ್ತೆ 400ರದ್ದೂ ಬರುತ್ತೆ, ಮಾಡೆಲ್ ಹೆಸ್ರು ಒಂದೇ. ಆದ್ರಿಂದ ಮಾಡೆಲ್ ಹೆಸ್ರು ಕೇಳಿ ಸುಮ್ನಾಗ್ಬೇಡಿ, ಪಾರ್ಟ್ ನಂಬರ್ ತಗೊಂಡು ಕಂಪನಿ ಸೈಟಲ್ಲಿ ಹಾಕಿ ನೋಡಿ.

ಕುಶಾಲನಗರ_ಸರ್ವಿಸ್_ಬೆಂಚ್

ನಾನು ಲ್ಯಾಪ್‌ಟಾಪ್ ರಿಪೇರಿ ಮಾಡೋನು, ಬಿಚ್ಚಿ ನೋಡಿರೋ ಅನುಭವದಿಂದ ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರ್ಲಿ.

ನಮ್ಮ ಜಿಲ್ಲೆಲಿ ಲ್ಯಾಪ್‌ಟಾಪ್ ಹಾಳಾಗೋದು ಪ್ರೊಸೆಸರ್ ಹಳೇದಾಯ್ತು ಅಂತಲ್ಲ. ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಷ್ಟು ಬರುತ್ತೆ, ಅಂಥಾ ಗಾಳಿಲಿ ಮೆಷಿನ್ ಇರುತ್ತೆ. ಮಳೆಗಾಲ ಕಳೆದ ಮೇಲೆ ನನ್ನ ಬೆಂಚಿಗೆ ಬರೋ ಬೋರ್ಡ್‌ಗಳಲ್ಲಿ ಚಾರ್ಜಿಂಗ್ ಪೋರ್ಟಿನ ಹತ್ರ, ಕೀಬೋರ್ಡ್ ಕನೆಕ್ಟರ್ ಹತ್ರ ಹಸಿರು ಕಟ್ಟಿರುತ್ತೆ. ಜಾಸ್ತಿ ಬರೋದು ಬೀರುಲಿ ಇಟ್ಟು ತಿಂಗಳುಗಟ್ಲೆ ಮುಟ್ಟದೇ ಇದ್ದ ಮೆಷಿನ್ನುಗಳು. ದಿನಾ ಆನ್ ಆಗ್ತಿದ್ರೆ ಒಳಗಿನ ಬಿಸಿಗೇ ತೇವ ಆರುತ್ತೆ. ಎರಡನೇದು ಏಪ್ರಿಲ್ ಮೇ ಗುಡುಗು ಸಿಡಿಲು. ಫೈಬರ್ ಇಂಟರ್ನೆಟ್ ಹಾಕಿಸಿದ್ದೀವಿ ಸಿಡಿಲು ಬರಲ್ಲ ಅಂದ್ಕೋತಾರೆ, ಗಾಜಿನ ಎಳೆಲಿ ಕರೆಂಟ್ ಬರಲ್ಲ ನಿಜ, ಆದ್ರೆ ಆ ಪೆಟ್ಟಿಗೆಗೆ ಅಡಾಪ್ಟರ್ ಇದ್ಯಲ್ಲ ಅದು ಗೋಡೆ ಪ್ಲಗ್ಗಿಗೇ ತಾನೇ ಹೋಗೋದು, ಅಲ್ಲಿಂದ ಲ್ಯಾನ್ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಹತ್ತುತ್ತೆ. ಗುಡುಗು ಶುರುವಾದ ತಕ್ಷಣ ಚಾರ್ಜರ್ರೂ ಕೀಳಿ ಲ್ಯಾನೂ ಕೀಳಿ.

ಈಗ ಮೇಡಂ ಕೇಳಿದ ಮಾಡೆಲ್ಲುಗಳು. ಎಕ್ಸ್1 ಕಾರ್ಬನ್ ಜೆನ್ 11 ಚೆನ್ನಾಗಿದೆ, 1.12 ಕೆಜಿಯಿಂದ ಶುರು, 57 ವ್ಯಾಟ್ ಅವರ್ ಬ್ಯಾಟರಿ. ಆದ್ರೆ ರ‍್ಯಾಮ್ ಬೋರ್ಡಿಗೇ ಬೆಸುಗೆ. 16 ಜಿಬಿ ತಗೊಂಡ್ರೆ ಕೊನೇ ತನಕ 16ಏ. ರ‍್ಯಾಮ್ ಹೋದ್ರೆ ಬೋರ್ಡೇ ಬದಲಾಯಿಸ್ಬೇಕು. ಕೀಬೋರ್ಡ್ ತೆಗೀಬೇಕಂದ್ರೆ ಹೆಚ್ಚುಕಮ್ಮಿ ಪೂರ್ತಿ ಬಿಚ್ಬೇಕು. ಗ್ರಾಮ್ 14 ತೂಕ 999 ಗ್ರಾಂ, ಅದ್ರಲ್ಲೇ 72 ವ್ಯಾಟ್ ಅವರ್ ತುಂಬಿಸಿದ್ದಾರೆ, ಅದು ನಿಜವಾಗ್ಲೂ ದೊಡ್ಡ ವಿಷ್ಯ, ಅದ್ರಲ್ಲೂ ರ‍್ಯಾಮ್ ಬೆಸುಗೇನೇ. 840 ಜಿ10 ಸುಮಾರು 1.4 ಕೆಜಿ, ಎರಡು ರ‍್ಯಾಮ್ ಸ್ಲಾಟ್ ಇದೆ, ಕೆಳಗಿನ ಐದಾರು ಸ್ಕ್ರೂ ತೆಗೆದ್ರೆ ಒಳಗೆಲ್ಲಾ ಕೈಗೆ ಸಿಗುತ್ತೆ.

ನೀವು ಪಟ್ಟಿಗೆ ಸೇರಿಸ್ಬೇಕಾಗಿರೋದು ಥಿಂಕ್‌ಪ್ಯಾಡ್ ಟಿ14 ಜೆನ್ 5. ಜೆನ್ 4ರ ತನಕ ರ‍್ಯಾಮ್ ಅರ್ಧ ಬೆಸುಗೆ, ಜೆನ್ 4ರ ಎಎಮ್‌ಡಿಯಲ್ಲಿ ಪೂರ್ತಿ ಬೆಸುಗೆ. ಜೆನ್ 5ರಲ್ಲಿ ಎರಡೂ ಸ್ಲಾಟ್ ಬಿಡಿ ಮಾಡಿದ್ರು, ಬ್ಯಾಟರಿ ಸ್ಕ್ರೂ ಮೇಲೆ ಕೂತಿದೆ, 2024ರಲ್ಲಿ ಐಫಿಕ್ಸಿಟ್ (ಮೆಷಿನ್ ಬಿಚ್ಚಿ ನೋಡಿ ಅಂಕ ಕೊಡೋ ರಿಪೇರಿ ಸೈಟು) ಅದಕ್ಕೆ ರಿಪೇರಿ ಸುಲಭ ಅಂತ 10ಕ್ಕೆ 9 ಕೊಟ್ಟಿತ್ತು, ಬಿಸಿನೆಸ್ ಲ್ಯಾಪ್‌ಟಾಪಲ್ಲಿ ಅಂಥಾ ಅಂಕ ಅಪರೂಪ. ತೂಕ 1.3 ಕೆಜಿ ಚಿಲ್ಲರೆಯಿಂದ ಶುರು. ಲ್ಯಾನ್ ಪೋರ್ಟ್ ಮೈಯಲ್ಲೇ ಇದೆ. ಎಕ್ಸ್1ಗೆ ಅದಿಲ್ಲ, ಡಾಂಗಲ್ ಬೇಕು. ನಮ್ಮ ಊರುಗಳಲ್ಲಿ ಮಳೆ ಬಂದ್ರೆ ಮೊಬೈಲ್ ಸಿಗ್ನಲ್ ಮೊದ್ಲು ಹೋಗೋದು, ಕೇಬಲ್ ಹಾಕ್ಕೊಂಡು ಕೂರೋ ಪರಿಸ್ಥಿತಿ ಬಂದೇ ಬರುತ್ತೆ.

200 ಗ್ರಾಂ ಜಾಸ್ತಿ ಹೊತ್ಕೊಂಡು ಆರು ವರ್ಷ ಓಡಿಸ್ಬಹುದಾದ ಮೆಷಿನ್ನೇ ನನ್ನ ಪ್ರಕಾರ ನಿಮಗೆ ಸರಿ.

ಸಂಪಾಜೆ_ಘಾಟಿ

ಬೆಂಚ್ ಅಣ್ಣ ಹೇಳಿದ್ದು ಒಪ್ತೀನಿ ಆದ್ರೆ ಪೂರ್ತಿ ಒಪ್ಪಲ್ಲ ಮಾರಾಯ್ರೆ. ನಾನು ಎಕ್ಸ್1 ಕಾರ್ಬನ್ ಇಟ್ಕೊಂಡು ಮಡಿಕೇರಿ ಮಂಗಳೂರು ಬಸ್ಸಲ್ಲಿ ಓಡಾಡೋನು, ಬ್ಯಾಗಲ್ಲಿ ಲ್ಯಾಪ್‌ಟಾಪ್ ಇದೆ ಅಂತಲೇ ಗೊತ್ತಾಗಲ್ಲ. ಮೇಡಂಗೆ ಭುಜ ನೋವು ಅಂತಿದ್ದಾರೆ, ಸ್ಕೂಟಿಲಿ ಬ್ಯಾಗ್ ಬೆನ್ನಿಗೆ ಹಾಕ್ಕೊಂಡು ಅಮ್ಮತ್ತಿ ಕಡೆ ತೋಟದ ರಸ್ತೆಲಿ ಹೋದ್ರೆ ಪ್ರತಿ ಗುಂಡಿಗೂ ಆ ತೂಕ ಭುಜಕ್ಕೇ ಹೊಡೆಯೋದು. ರಿಪೇರಿ ಯಾವಾಗ್ಲೋ ಬರೋದು, ನೋವು ದಿನಾ. ಮೇಲಿಂದ ಎಕ್ಸ್1 ಕೀಬೋರ್ಡ್ ನೀರು ಬಿದ್ರೂ ತಡ್ಕೊಳುತ್ತೆ, ಮಿಲಿಟರಿ ಸ್ಟ್ಯಾಂಡರ್ಡ್ ಟೆಸ್ಟ್ ಆಗಿದೆ.

ಕುಶಾಲನಗರ_ಸರ್ವಿಸ್_ಬೆಂಚ್

ಭುಜದ ಮಾತು ನಿಜ, ಅದನ್ನ ತಳ್ಳಿಹಾಕಲ್ಲ. ಮಿಲಿಟರಿ ಸ್ಟ್ಯಾಂಡರ್ಡ್ ಬಗ್ಗೆ ಮಾತ್ರ ಒಂದು ಹೇಳ್ತೀನಿ. ಮಿಲ್ ಸ್ಟ್ಯಾಂಡರ್ಡ್ 810ಎಚ್ ಅನ್ನೋದು ಟೆಸ್ಟ್ ಮಾಡೋ ವಿಧಾನಗಳ ಒಂದು ದೊಡ್ಡ ಪಟ್ಟಿ, ಅದ್ರಲ್ಲಿ ಯಾವ್ದು ಮಾಡ್ಬೇಕು ಅಂತ ಆರಿಸೋದು ಕಂಪನಿನೇ. ತೇವ, ಧೂಳು, ಅದುರು ಇವೆಲ್ಲಾ ಮಾಡಿರ್ತಾರೆ, ಒಳ್ಳೇದೇ, ಆದ್ರೆ ಮಳೆಲಿ ನೆನೆಸ್ಬಹುದು ಅಂತ ಅಲ್ಲ. ಕೀಬೋರ್ಡ್ ಮೇಲೆ ಒಂದು ಲೋಟ ಕಾಫಿ ಚೆಲ್ಲಿದ್ರೆ ಆಫ್ ಮಾಡಿ ಬೋರಲು ಹಾಕೋಷ್ಟು ಟೈಮ್ ಕೊಡುತ್ತೆ. ಪಕ್ಕದ ಪೋರ್ಟಿಂದ ನೀರು ಹೋದ್ರೆ ಯಾವ ಕೀಬೋರ್ಡೂ ಕಾಪಾಡಲ್ಲ. ಆದ್ರಿಂದ ಯಾವ್ದೇ ತಗೊಳ್ಳಿ, ಬ್ಯಾಗ್ ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಇರ್ಲೇಬೇಕು, ಬ್ಯಾಗಿನ ರೈನ್ ಕವರ್ ನಮ್ಮ ಜುಲೈ ಮಳೆಗೆ ಸಾಲಲ್ಲ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತೆ.

ಗೋಣಿಕೊಪ್ಪ_ಲೆಕ್ಕ

ಇಬ್ರಿಗೂ ಥ್ಯಾಂಕ್ಸ್. ಅಡುಗೆಮನೆ ತಕ್ಕಡಿಲಿ ಈಗಿರೋದನ್ನ ತೂಗಿದೆ, ಲ್ಯಾಪ್‌ಟಾಪ್ 2.1 ಕೆಜಿ, ಚಾರ್ಜರ್ ಅದ್ರ ದಪ್ಪ ವೈರು ಸೇರಿ ಅರ್ಧ ಕೆಜಿ ಹತ್ರ! ಅಂದ್ರೆ ಹೆಚ್ಚುಕಮ್ಮಿ 2.6. ಟಿ14 ತಗೊಂಡು ಸಣ್ಣ ಟೈಪ್ ಸಿ ಚಾರ್ಜರ್ ಇಟ್ಕೊಂಡ್ರೂ ಒಂದು ಕೆಜಿ ಇಳಿಯುತ್ತಲ್ವಾ. ಹಾಗಿದ್ರೆ 1.1ಕ್ಕೂ 1.3ಕ್ಕೂ ಅಷ್ಟು ತಲೆ ಕೆಡಿಸ್ಕೊಳ್ಳೋದು ಬೇಡ ಅನ್ಸ್ತಿದೆ.

ನನ್ನ ನಿಜವಾದ ಚಿಂತೆ ಕರೆಂಟ್. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಕೆಲವು ತೋಟಗಳಲ್ಲಿ ಎರಡು ದಿನ ಬರಲ್ಲ, ತಿಂಗ್ಳ 20ನೇ ತಾರೀಕು ಮಾತ್ರ ಮಳೆ ನೋಡ್ಕೊಂಡು ನಿಲ್ಲಲ್ಲ, ಜಿಎಸ್‌ಟಿಯ ತಿಂಗ್ಳ ರಿಟರ್ನ್ 3ಬಿ ಹಾಕ್ಲೇಬೇಕು. ಬ್ಯಾಟರಿ ಎಷ್ಟು ಬರುತ್ತೆ ನಿಜವಾಗಿ? ಕಂಪನಿಯೋರು ಹೇಳೋ ಗಂಟೆ ಲೆಕ್ಕ ನಂಬೋಕಾಗಲ್ಲ.

ಸುಂಟಿಕೊಪ್ಪ_ಟೆಕ್

ಗಂಟೆ ನೋಡ್ಬೇಡಿ ಅಕ್ಕಾ, ವ್ಯಾಟ್ ಅವರ್ ನೋಡಿ, ಅದು ಟ್ಯಾಂಕಿನ ಸೈಜು. ಟ್ಯಾಲಿ, ಎಕ್ಸೆಲ್, ಬ್ರೌಸರ್ರು, ಬೆಳಕು ಮಧ್ಯಮ ಇಟ್ರೆ ಇಂಥಾ ಮೆಷಿನ್ನು ಸುಮಾರು 7 ವ್ಯಾಟ್ ಎಳೆಯುತ್ತೆ ಅಂತಿಟ್ಕೊಳ್ಳಿ. 57 ಇದ್ರೆ ಎಂಟು ಗಂಟೆ, 38 ಇದ್ರೆ ಐದೂವರೆ ಗಂಟೆ. ವಿಡಿಯೋ ಕಾಲಲ್ಲಿ ಕೂತ್ರೆ ಇದು ಅರ್ಧಕ್ಕೆ ಇಳಿಯುತ್ತೆ. 840 ಜಿ10 38ರದ್ದೂ ಇದೆ 51ರದ್ದೂ ಇದೆ, ಟಿ14 ಜೆನ್ 5 39.3ರದ್ದೂ ಇದೆ 52.5ರದ್ದೂ ಇದೆ. ಆನ್‌ಲೈನಲ್ಲಿ ಕಮ್ಮಿ ರೇಟಿಗೆ ಕಾಣೋದ್ರಲ್ಲಿ ಬಹಳಷ್ಟು ಸಣ್ಣ ಬ್ಯಾಟರಿದೇ ಇರುತ್ತೆ, ನೋಡಿ ತಗೊಳ್ಳಿ.

ಪ್ರೊಸೆಸರ್ ಹೆಸ್ರಿನ ಕೊನೇ ಅಕ್ಷರ ನೋಡಿ, ಇಂಟೆಲಲ್ಲಿ ಯು ಇದ್ರೆ 15 ವ್ಯಾಟ್ ದರ್ಜೆ, ಪಿ ಇದ್ರೆ 28, ಎಚ್ ಇದ್ರೆ 28 ಅಥವಾ 45. ನಿಮಗೆ ಯು ಧಾರಾಳ ಆಯ್ತು. ತೆಳ್ಳಗಿನ ಬಾಡಿಲಿ ಪಿ ಹಾಕಿದ್ರೆ ಬಿಸಿ ಆಗುತ್ತೆ, ಫ್ಯಾನ್ ಕೂಗುತ್ತೆ, ಎಕ್ಸ್1 ಜೆನ್ 11 ಎರಡ್ರಲ್ಲೂ ಬಂದಿತ್ತು. ಒಎಲ್‌ಇಡಿ ಸ್ಕ್ರೀನ್ ನೋಡೋಕೆ ಚೆಂದ, ಬಿಳೀ ಎಕ್ಸೆಲ್ ಶೀಟ್ ದಿನವಿಡೀ ತೆರೆದಿಟ್ರೆ ಬ್ಯಾಟರಿ ತಿನ್ನುತ್ತೆ, ನಿಮಗೆ ಸಾದಾ ಐಪಿಎಸ್ ಮ್ಯಾಟ್ ಸಾಕು.

ಎರಡು ದಿನದ ಕತೆಗೆ ಪವರ್ ಬ್ಯಾಂಕ್ ಇದೆ. 20,000 ಎಮ್‌ಎಎಚ್ ಅಂದ್ರೆ 74 ವ್ಯಾಟ್ ಅವರ್, ಸೋರಿಕೆ ಕಳೆದು ಲ್ಯಾಪ್‌ಟಾಪನ್ನ ಒಂದ್ಸಲ ತುಂಬಿಸುತ್ತೆ. ಟೈಪ್ ಸಿಯಲ್ಲಿ ಪಿಡಿ (ಪವರ್ ಡೆಲಿವರಿ) 45 ವ್ಯಾಟ್ ಅಥವಾ 65 ವ್ಯಾಟ್ ಕೊಡೋದೇ ಆಗಿರ್ಬೇಕು, ಫೋನಿಗೆ ಅಂತ ಮಾರೋ 18 ವ್ಯಾಟಿಂದು ಲ್ಯಾಪ್‌ಟಾಪಿಗೆ ಏನೂ ಆಗಲ್ಲ. ಜೀಪು ಕಾರು ಇರೋ ತೋಟದಲ್ಲಿ 12 ವೋಲ್ಟ್ ಸಾಕೆಟ್ಟಿಗೆ ಹಾಕೋ ಪಿಡಿ ಚಾರ್ಜರ್ ಬರುತ್ತೆ, ಅದೂ ಒಂದು ಇಟ್ಕೊಳ್ಳಿ.

ರೊಬಸ್ಟಾ_ಮನೆ

ಒಂದು ವಿಷ್ಯ ಯಾರೂ ಹೇಳ್ಲಿಲ್ಲ. ಹಳೇ ಬಂಗ್ಲೆಗಳಲ್ಲಿ ಅರ್ತಿಂಗ್ ಇರಲ್ಲ. ನನ್ನ ಲೋಹದ ಬಾಡಿ ಲ್ಯಾಪ್‌ಟಾಪ್ ಚಾರ್ಜಿಗಿಟ್ಟು ಮಣಿಕಟ್ಟು ಇಟ್ರೆ ಜುಂ ಅನ್ನುತ್ತೆ, ಕಾಲು ಕಾವಿ ನೆಲದ ಮೇಲಿದ್ರೆ ಇನ್ನೂ ಜಾಸ್ತಿ. ಸಣ್ಣ ಎರಡು ಪಿನ್ ಚಾರ್ಜರಲ್ಲಿ ಹೀಗಾಗುತ್ತೆ ಅಂತ ಕೇಳಿದ್ದೆ, ಮೂರು ಪಿನ್ ಹಾಕಿದ್ರೂ ನಮ್ಮ ಮನೇಲಿ ಹಾಗೇ. ಅಪಾಯ ಏನಾದ್ರೂ ಇದ್ಯಾ?

ಕುಶಾಲನಗರ_ಸರ್ವಿಸ್_ಬೆಂಚ್

ಸಾರ್ ಅಡಾಪ್ಟರ್ ಒಳಗಿನ ಫಿಲ್ಟರ್ ಕೆಪ್ಯಾಸಿಟರಿಂದ ತೀರಾ ಸಣ್ಣ ಕರೆಂಟು ಸೋರುತ್ತೆ, ಅದು ಭೂಮಿಗೆ ಹೋಗೋಕೆ ದಾರಿ ಇಲ್ದಿದ್ರೆ ಬಾಡಿಗೆ ಬರುತ್ತೆ. ಅಡಾಪ್ಟರ್ ಚೆನ್ನಾಗಿದ್ರೆ ಬರೀ ಜುಂ ಅನ್ನೋದು, ಅಪಾಯ ಇಲ್ಲ. ಆದ್ರೆ ಮೂರು ಪಿನ್ ಹಾಕಿದ್ರೂ ಜುಂ ಅಂತಿದೆ ಅಂದ್ರೆ ಗೋಡೆಯ ಮೂರನೇ ತೂತಿಗೆ ಅರ್ತ್ ವೈರೇ ಇಲ್ಲ ಅಂತ ಲೆಕ್ಕ. ಲ್ಯಾಪ್‌ಟಾಪ್ ಬಿಡಿ, ಗೀಸರ್ರು ಮೋಟರ್ರು ಇರೋ ಮನೆ, ಮಳೆಗಾಲ ಶುರುವಾಗೋ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸ್ಲೇಬೇಕು ದಯವಿಟ್ಟು.

ಮಡಿಕೇರಿ_ಮಂಜು

ನಾನು ಹೇಳೋದು ವಾರಂಟಿ. ಇದಕ್ಕಿಂತ ದೊಡ್ಡ ವಿಷ್ಯ ಕೊಡಗಲ್ಲಿ ಬೇರೆ ಇಲ್ಲ ಅಂತ ನನ್ನ ಭಾವನೆ. ನಾನು ತಗೊಂಡಿದ್ದು ಒಂದು ಹೆಸ್ರುವಾಸಿ ಕಂಪನಿದೇ, ಹೆಸ್ರು ಬೇಡ. ಸ್ಕ್ರೀನಲ್ಲಿ ಗೆರೆ ಬಂತು, ವಾರಂಟಿ ಇತ್ತು, ಆದ್ರೆ ಕ್ಯಾರಿ ಇನ್, ಅಂದ್ರೆ ನಾವೇ ಹೊತ್ಕೊಂಡು ಹೋಗ್ಬೇಕು. ಮಡಿಕೇರಿಯಿಂದ ಮೈಸೂರಿಗೆ 120 ಕಿಮೀ, ಹೋಗಿ ಕೊಟ್ಟು ಬಂದೆ, ಪಾರ್ಟ್ ಬಂದಿಲ್ಲ ಅಂದ್ರು, ಮತ್ತೆ ಹೋಗಿ ತಂದೆ. ಎರಡು ದಿನದ ಕೆಲ್ಸ ಹೋಯ್ತು, ಮಧ್ಯದಲ್ಲಿ ಲ್ಯಾಪ್‌ಟಾಪ್ ಇಲ್ದೆ ಕೂತಿದ್ದು ಬೇರೆ. ಅದೇ ನನ್ನ ಅಣ್ಣನದು ಬಿಸಿನೆಸ್ ಸೀರೀಸ್, ಆನ್‌ಸೈಟ್ ವಾರಂಟಿ, ಎಂಜಿನಿಯರ್ ಮನೆಗೇ ಬಂದು ಬೋರ್ಡ್ ಹಾಕಿ ಹೋದ.

ಆದ್ರೆ ಆನ್‌ಸೈಟ್ ಅಂತ ಬರೆದ ತಕ್ಷಣ ನಂಬ್ಬೇಡಿ. ನಿಮ್ಮ ಪಿನ್‌ಕೋಡಿಗೆ ಬರ್ತಾರಾ, ಎಷ್ಟು ದಿನದಲ್ಲಿ ಬರ್ತಾರೆ ಅಂತ ಕಂಪನಿಯ ಕಸ್ಟಮರ್ ಕೇರಿಗೆ ಮೇಲ್ ಹಾಕಿ ಉತ್ತರ ಲಿಖಿತದಲ್ಲಿ ಇಟ್ಕೊಳ್ಳಿ. ಅಂಗಡಿಯೋನು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಮೂರು ವರ್ಷದ ಆನ್‌ಸೈಟ್ ಮತ್ತೆ ಬಿದ್ದು ಒಡೆದ್ರೆ ರಿಪೇರಿ ಮಾಡೋ ಪ್ಲಾನ್ ಎರಡೂ ಹಾಕ್ಕೊಳ್ಳಿ, ಸ್ಕೂಟಿಲಿ ಓಡಾಡೋರಿಗೆ ಎರಡನೇದು ಬೇಕೇ ಬೇಕು. ಓಪನ್ ಬಾಕ್ಸ್ ಆದ್ರೆ ಸೀರಿಯಲ್ ನಂಬರ್ ಕೇಳಿ ಸೈಟಲ್ಲಿ ಹಾಕಿ, ವಾರಂಟಿ ಯಾವತ್ತಿಂದ ಶುರು ಆಗಿದೆ, ಇಂಡಿಯಾದ್ದಾ ಹೊರಗಿಂದಾ ಗೊತ್ತಾಗುತ್ತೆ.

ನಾಪೋಕ್ಲು_ರೈಟರ್

ಬೆಂಗ್ಳೂರು ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಅರ್ಧಕ್ಕರ್ಧ ರೇಟಿಗೆ ಸಿಗುತ್ತಂತಲ್ಲ, ಅದು ಹೇಗೆ?

ಕುಶಾಲನಗರ_ಸರ್ವಿಸ್_ಬೆಂಚ್

ಸಿಗುತ್ತೆ, ಕಂಪನಿಗಳು ಲೀಸ್ ಮುಗಿಸಿ ಬಿಟ್ಟಿದ್ದು, ಒಳ್ಳೇವೂ ಇರ್ತವೆ. ಎಂಟನೇ ಜನರೇಶನ್‌ಗಿಂತ ಹಿಂದಿಂದು ಮುಟ್ಬೇಡಿ, ವಿಂಡೋಸ್ 11ರ ಪಟ್ಟಿಲಿ ಇಲ್ಲ. ಬಯಾಸ್ (ವಿಂಡೋಸ್‌ಗಿಂತ ಮುಂಚೆ ಬರೋ ಸೆಟ್ಟಿಂಗ್) ಪಾಸ್‌ವರ್ಡ್ ಇದ್ಯಾ ನೋಡಿ, ಇದ್ರೆ ಬೇಡ. ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್ಟಿಗೆ ಸೇರಿಸಿದಾಗ ಯಾವ್ದೋ ಕಂಪನಿಯ ಲಾಗಿನ್ ಪೇಜ್ ಬಂದ್ರೆ ಅದು ಇನ್ನೂ ಹಳೇ ಮಾಲೀಕರ ಹಿಡಿತದಲ್ಲೇ ಇದೆ ಅಂತ, ವಾಪಸ್ ಕೊಟ್ಬಿಡಿ. ಬೇರೆಯವ್ರ ದುಡ್ಡಿನ ಲೆಕ್ಕ ಇಟ್ಕೊಳ್ಳೋ ಮೇಡಂಗೆ ಮಾತ್ರ ಹೊಸದೇ ಇರ್ಲಿ.

ಗೋಣಿಕೊಪ್ಪ_ಲೆಕ್ಕ

ಅಪ್ಡೇಟ್ ಕೊಡ್ತೀನಿ. ಎರಡು ಕಂಪನಿಗೂ ಮೇಲ್ ಹಾಕಿದ್ದೆ, ಗೋಣಿಕೊಪ್ಪಕ್ಕೆ ಆನ್‌ಸೈಟ್ ಇದೆ ಅಂತ ಒಂದ್ರಿಂದ ಸ್ಪಷ್ಟವಾಗಿ ಬರೆದು ಬಂದಿದೆ, ಇನ್ನೊಂದ್ರಿಂದ "ಡೀಲರ್ ಕೇಳಿ" ಅಂತಷ್ಟೇ. ಮೈಸೂರಲ್ಲಿ ಟಿ14ಉ, ಎಕ್ಸ್1ಉ ಎರಡೂ ಕೈಲಿ ಹಿಡಿದು ನೋಡಿದೆ. ಎಕ್ಸ್1 ಹಗುರ ನಿಜವಾಗ್ಲೂ ಮನಸ್ಸು ಸೆಳೆಯುತ್ತೆ, ಸುಳ್ಳು ಹೇಳಲ್ಲ. ಆದ್ರೆ ನನ್ನ ಬ್ಯಾಗಿಗೇ ಹಾಕಿ, ಚಾರ್ಜರ್, ಪವರ್ ಬ್ಯಾಂಕ್, ಎರಡು ಫೈಲು, ನೀರಿನ ಬಾಟ್ಲಿ ಎಲ್ಲಾ ಸೇರಿಸಿ ಭುಜಕ್ಕೆ ಹಾಕಿದಾಗ ವ್ಯತ್ಯಾಸ ಗೊತ್ತಾಗ್ಲಿಲ್ಲ. ಅಲ್ಲೇ ನಿರ್ಧಾರ ಮಾಡ್ದೆ. ಟಿ14 ಜೆನ್ 5, ಯು ಪ್ರೊಸೆಸರ್, 16 ಜಿಬಿ ಒಂದೇ ಸ್ಟಿಕ್ಕಲ್ಲಿ, ಇನ್ನೊಂದು ಸ್ಲಾಟ್ ಖಾಲಿ, 400 ನಿಟ್ಸ್, 52.5 ಬ್ಯಾಟರಿ, ಮೂರು ವರ್ಷ ಆನ್‌ಸೈಟ್. ಕೊಟೇಶನ್ ಬಂದಿದೆ, ವಾರಂಟಿ ಸೇರಿ ಬಜೆಟ್ ಸ್ವಲ್ಪ ದಾಟುತ್ತೆ. ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ಮಾಡಿಸ್ತಿರೋದ್ರಿಂದ 18 ಪರ್ಸೆಂಟ್ ಕ್ರೆಡಿಟ್ ಬರುತ್ತೆ, ಹಾಗಾಗಿ ಪರ್ವಾಗಿಲ್ಲ. ನಿಮ್ಮಲ್ಲಿ ರಿಜಿಸ್ಟ್ರೇಶನ್ ಇರೋರು ಆನ್‌ಲೈನಲ್ಲಿ ತಗೊಂಡ್ರೂ ಆರ್ಡರ್ ಮಾಡೋ ಮುಂಚೆನೇ ನಂಬರ್ ಹಾಕಿ, ಬಿಲ್ ಆದ್ಮೇಲೆ ಸೇರಿಸೋದು ದೊಡ್ಡ ತಲೆನೋವು. ಇನ್‌ಕಂ ಟ್ಯಾಕ್ಸಲ್ಲಿ ಕಂಪ್ಯೂಟರಿಗೆ ಡಿಪ್ರಿಸಿಯೇಶನ್ 40 ಪರ್ಸೆಂಟ್, ಆ ವರ್ಷ 180 ದಿನಕ್ಕಿಂತ ಕಮ್ಮಿ ಬಳಸಿದ್ರೆ ಅರ್ಧ. ಜಿಎಸ್‌ಟಿ ಕ್ರೆಡಿಟ್ ತಗೊಂಡ್ರೆ ಆ ಟ್ಯಾಕ್ಸ್ ಮೊತ್ತದ ಮೇಲೆ ಡಿಪ್ರಿಸಿಯೇಶನ್ ತಗೊಳ್ಳೋ ಹಾಗಿಲ್ಲ, ಇದನ್ನ ಬಹಳ ಜನ ಎರಡೂ ಕಡೆ ಹಾಕ್ತಾರೆ.

ಡೆಲಿವರಿ ಬಂದಾಗ ಏನೇನು ನೋಡ್ಬೇಕು ಹೇಳಿ.

ಕುಶಾಲನಗರ_ಸರ್ವಿಸ್_ಬೆಂಚ್

ಪ್ಯಾಕಿಂಗ್ ಬಿಚ್ಚೋದನ್ನ ಫೋನಲ್ಲಿ ವಿಡಿಯೋ ಮಾಡಿ. ಡಬ್ಬದ ಸೀರಿಯಲ್ಲೂ ಮೆಷಿನ್ ತಳದ ಸೀರಿಯಲ್ಲೂ ಒಂದೇನಾ ನೋಡಿ. ಬ್ಯಾಟರಿ ರಿಪೋರ್ಟ್ ಅಂತ ವಿಂಡೋಸಲ್ಲೇ ಇದೆ, ಕಮಾಂಡ್ ಕೊಟ್ರೆ ತಯಾರಾದಾಗಿನ ಸಾಮರ್ಥ್ಯ ಎಷ್ಟು, ಈಗ ಎಷ್ಟು, ಎಷ್ಟು ಸೈಕಲ್ ಆಗಿದೆ ಎಲ್ಲಾ ಬರುತ್ತೆ, 52.5ರದ್ದೇ ಬಂದಿದ್ಯಾ ಅಂತಲೂ ಅಲ್ಲೇ ತಿಳಿಯುತ್ತೆ. ಆಫೀಸಲ್ಲಿ ಪ್ಲಗ್ಗಿಗೇ ಇರೋ ದಿನಗಳಿಗೆ ಚಾರ್ಜ್ 80ಕ್ಕೆ ನಿಲ್ಲೋ ಹಾಗೆ ಸೆಟ್ ಮಾಡಿ, ಮಳೆ ಜೋರಾಗೋ ಮುನ್ಸೂಚನೆ ಇದ್ದಾಗ ಮಾತ್ರ ಹಿಂದಿನ ರಾತ್ರಿ 100 ಮಾಡ್ಕೊಳ್ಳಿ. ಆಮೇಲೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ) ಕೀ ಪ್ರಿಂಟ್ ತೆಗೆದು ಮನೇಲಿಡಿ, ಲ್ಯಾಪ್‌ಟಾಪ್ ಬ್ಯಾಗಲ್ಲಿ ಬೇಡ.

ಸುಂಟಿಕೊಪ್ಪ_ಟೆಕ್

ಅಕ್ಕಾ ಹಳೇದನ್ನ ಆತುರ ಪಟ್ಟು ಫಾರ್ಮ್ಯಾಟ್ ಮಾಡ್ಬೇಡಿ. ಟ್ಯಾಲಿ ಲೈಸೆನ್ಸ್ ಅದ್ರಲ್ಲಿ ಸರೆಂಡರ್ ಮಾಡಿದ್ಮೇಲೇ ಹೊಸದ್ರಲ್ಲಿ ಆಕ್ಟಿವೇಟ್ ಮಾಡಿ. ಟೋಕನ್ ಡ್ರೈವರ್ ಹಾಕಿ ಯಾವ್ದಾದ್ರೂ ಒಂದು ಎಲ್‌ಎಲ್‌ಪಿದು ಲಾಗಿನ್ ಆಗಿ ಸೈನ್ ಬರುತ್ತಾ ನೋಡಿ, ನುಡಿಲಿ ಒಂದು ಹಳೇ ಅರ್ಜಿ ತೆಗೆದು ಅಕ್ಷರ ಸರಿ ಕಾಣುತ್ತಾ ನೋಡಿ. ಇದೆಲ್ಲಾ 20ನೇ ತಾರೀಕಿನ ಹಿಂದಿನ ವಾರ ಬೇಡ, ರಿಟರ್ನ್ ಎಲ್ಲಾ ಮುಗಿದ ಮೇಲೆ 22, 23ರ ಹೊತ್ತಿಗೆ ಕೂತು ಮಾಡಿ. ಸಿಕ್ಕಿಹಾಕ್ಕೊಂಡ್ರೆ ಇಲ್ಲೇ ಬರೀರಿ, ಸಂಜೆ ಮೇಲೆ ಆನ್‌ಲೈನ್ ಇರ್ತೀನಿ.